ಕರುಳಿನ ಕ್ಯಾನ್ಸರ್ ಆಪರೇಷನ್ ಆದಮೇಲೆ: ಮನೆಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಕರುಳು ಅಥವಾ ಮಲಾಶಯದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಮೈಸೂರು, ಮಂಡ್ಯ ಕಡೆಯ ಮನೆಗಳಿಗೆ ವಾಪಸಾದವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಈ ಪುಟ. ನಿಮ್ಮ ಸರ್ಜನ್ ಇಲ್ಲಿರುವುದಕ್ಕಿಂತ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಲಿ. ಹೊಟ್ಟೆಯೊಳಗೆ ಏನು ಕತ್ತರಿಸಿ ಎಲ್ಲಿ ಜೋಡಿಸಿದ್ದಾರೆ ಅನ್ನುವುದು ಗೊತ್ತಿರುವುದು ಅವರಿಗೆ.

ಮನೆಗೆ ಬಂದ ದಿನವೇ ಮೂರು ವಸ್ತು ತರಿಸಿಟ್ಟುಕೊಳ್ಳಿ: ಥರ್ಮಾಮೀಟರ್, ಎಂ.ಎಲ್. ಗೆರೆಯಿರುವ ಒಂದು ಪ್ಲಾಸ್ಟಿಕ್ ಜಗ್ಗು, ಒಂದು ನೋಟ್‌ಬುಕ್. "ಸ್ವಲ್ಪ ಮೈ ಬಿಸಿ ಇದೆ", "ಬ್ಯಾಗಿಗೆ ಜಾಸ್ತಿ ಬರ್ತಿದೆ" ಅಂತ ಫೋನಿನಲ್ಲಿ ಹೇಳಿದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. "ಬೆಳಿಗ್ಗೆ 101 ಡಿಗ್ರಿ ಇತ್ತು, ನಿನ್ನೆಯಿಂದ ಇವತ್ತಿಗೆ 1,800 ಎಂ.ಎಲ್. ಹೋಗಿದೆ" ಅಂದರೆ ಬರಬೇಕೋ ಬೇಡವೋ ಅಂತ ಅವರು ಆಗಲೇ ಹೇಳಬಲ್ಲರು.

ನಮಗೆ ಯಾವ ಆಪರೇಷನ್ ಆಗಿದೆ ಅಂತಲೇ ಗೊತ್ತಿಲ್ಲ. ಅದು ಮುಖ್ಯವಾ?

ತುಂಬಾ ಮುಖ್ಯ. ಮುಂದಿನ ತೊಂದರೆಗಳೆಲ್ಲ ಅದರ ಮೇಲೆ ನಿಂತಿವೆ. ಡಿಸ್ಚಾರ್ಜ್ ಹಾಳೆಯಲ್ಲಿ ಹೆಸರು ಹುಡುಕಿ. ರೈಟ್ ಹೆಮಿಕೊಲೆಕ್ಟಮಿ ಅಂದರೆ ಬಲಭಾಗದ ಕರುಳು ತೆಗೆದು ಸಣ್ಣ ಕರುಳನ್ನು ಉಳಿದದ್ದಕ್ಕೆ ಜೋಡಿಸಿದ್ದಾರೆ. ಇವರಿಗೆ ಕೆಲವು ವಾರ ನೀರುನೀರಾದ ಬೇಧಿ ಸಾಮಾನ್ಯ. ತಿಂಗಳುಗಟ್ಟಲೆ ನಿಲ್ಲದಿದ್ದರೆ ಪಿತ್ತರಸದಿಂದ ಆಗುವ ಬೇಧಿ ಇರಬಹುದು, ಅದಕ್ಕೆ ಬೇರೆ ಔಷಧಿ ಇದೆ, ಕೇಳಿ. ಲೆಫ್ಟ್ ಹೆಮಿಕೊಲೆಕ್ಟಮಿ, ಸಿಗ್ಮಾಯ್ಡ್ ಕೊಲೆಕ್ಟಮಿ ಎಡಭಾಗದವು. ಲೋ ಆಂಟೀರಿಯರ್ ರಿಸೆಕ್ಷನ್ ಅಂದರೆ ಮಲಾಶಯವನ್ನು ತೆಗೆದು ಕೆಳಗೆ, ಗುದದ್ವಾರದ ಹತ್ತಿರ, ಜೋಡಣೆ ಮಾಡಿದ್ದಾರೆ. ಆ ಜೋಡಣೆ ಒಣಗುವವರೆಗೆ ಮಲ ಅತ್ತ ಹೋಗದಿರಲಿ ಅಂತ ಹೆಚ್ಚಿನವರಿಗೆ ಹೊಟ್ಟೆಯ ಬಲಬದಿಯಲ್ಲಿ ತಾತ್ಕಾಲಿಕ ಇಲಿಯಾಸ್ಟಮಿ (ಸಣ್ಣ ಕರುಳಿನ ಬಾಯನ್ನು ಹೊಟ್ಟೆಯ ಹೊರಕ್ಕೆ ತಂದದ್ದು) ಬ್ಯಾಗು ಇಟ್ಟಿರುತ್ತಾರೆ. ಎ.ಪಿ.ಆರ್. ಅಂತ ಬರೆದಿದ್ದರೆ ಗುದದ್ವಾರವನ್ನೂ ತೆಗೆದು ಹೊಲಿದಿದ್ದಾರೆ, ಎಡಬದಿಯ ಕೊಲಾಸ್ಟಮಿ (ದೊಡ್ಡ ಕರುಳಿನ ಬಾಯನ್ನು ಹೊರಕ್ಕೆ ತಂದದ್ದು) ಬ್ಯಾಗು ಶಾಶ್ವತ.

ಇಲಿಯಾಸ್ಟಮಿ, ಕೊಲಾಸ್ಟಮಿ ಎರಡನ್ನೂ ಮನೆಯಲ್ಲಿ "ಬ್ಯಾಗು" ಅಂತಲೇ ಕರೆಯುತ್ತೇವೆ. ಊಟ, ನೀರು, ಅಪಾಯ ಮೂರರಲ್ಲೂ ಅವೆರಡು ಬೇರೆಬೇರೆ.

ಆಪರೇಷನ್ ಆಗಿ ಆರನೇ ದಿನ ಹೊಟ್ಟೆನೋವು ಜಾಸ್ತಿಯಾಗಿದೆ. ಹೊಲಿಗೆ ನೋವು ಅಂತ ಸುಮ್ಮನಿರಬಹುದಾ?

ಸುಮ್ಮನಿರಬೇಡಿ. ಹೊಲಿಗೆಯ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ ಮೊದಲು ಅನುಮಾನಿಸಬೇಕಾದ್ದು ಕರುಳಿನ ಜೋಡಣೆ ಸೋರುತ್ತಿದೆಯೇ ಎಂದು. ಡಾಕ್ಟರುಗಳು "ಲೀಕ್" ಅನ್ನುತ್ತಾರೆ. ಈ ಆಪರೇಷನ್ನಿನ ಎಲ್ಲ ತೊಂದರೆಗಳಲ್ಲಿ ನಾವು ಹೆಚ್ಚು ಹೆದರುವುದು ಇದಕ್ಕೇ.

ಸೋರಿಕೆ ಹೆಚ್ಚಾಗಿ ಕಾಣಿಸಿಕೊಳ್ಳುವುದು 5ನೇ ದಿನದಿಂದ 8ನೇ ದಿನದ ನಡುವೆ, ಅಂದರೆ ಸರಿಯಾಗಿ ಡಿಸ್ಚಾರ್ಜ್ ಆಗುವ ಹೊತ್ತಿಗೆ. ಮೂರ್ನಾಲ್ಕು ವಾರವಾದಮೇಲೂ ಆಗಬಹುದು. ಜೋಡಣೆಯ ಅಂಚಿಗೆ ರಕ್ತ ಸಾಲದೆ ಹೋದರೆ, ಎರಡು ತುದಿಗಳ ನಡುವೆ ಎಳೆತ ಇದ್ದರೆ ಅದು ಬಿಡುತ್ತದೆ. ಬೀಡಿ, ಸಿಗರೇಟು, ಹಿಡಿತಕ್ಕೆ ಬರದ ಸಕ್ಕರೆ ಕಾಯಿಲೆ, ರಕ್ತಹೀನತೆ, ಆಪರೇಷನ್ನಿಗೆ ಮುಂಚೆ ತೂಕ ಬಹಳ ಇಳಿದಿದ್ದು ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಜೋಡಣೆ ಕೆಳಗೆ ಇದ್ದಷ್ಟೂ ಅಪಾಯ ಹೆಚ್ಚು. "ಇಡ್ಲಿ ತಿನ್ನಿಸಿದ್ದಕ್ಕೇ ಹೀಗಾಯಿತು" ಅಂತ ಮನೆಯವರು ತಮ್ಮನ್ನು ತಾವೇ ಬೈದುಕೊಳ್ಳುವುದುಂಟು. ಡಾಕ್ಟರು ತಿನ್ನಲು ಹೇಳಿದ್ದನ್ನು ಕೊಟ್ಟಿದ್ದರೆ ಇಡ್ಲಿಯ ತಪ್ಪಿಲ್ಲ, ನಿಮ್ಮದೂ ಇಲ್ಲ.

ಲಕ್ಷಣಗಳು ಯಾವಾಗಲೂ ಜೋರಾಗಿ ಬರುವುದಿಲ್ಲ. 100.4 ಡಿಗ್ರಿ ದಾಟಿದ ಜ್ವರ, ಚಳಿ ನಡುಕ, ಹೊಟ್ಟೆ ಬಿಗಿದು ಉಬ್ಬುವುದು, ಹೋಗುತ್ತಿದ್ದ ಗ್ಯಾಸು ನಿಂತುಹೋಗುವುದು, ವಾಂತಿ, ಹೊಸದಾಗಿ ಭುಜದ ನೋವು, ಕಾರಣವಿಲ್ಲದ ಏದುಸಿರು. ವಯಸ್ಸಾದವರಲ್ಲಿ ಜ್ವರವೇ ಬರದೆ ಬರೀ ಮಂಕು, ಗಲಿಬಿಲಿ ಕಾಣಬಹುದು. ನಾಡಿ ಎಣಿಸುವುದನ್ನು ಮನೆಯಲ್ಲಿ ಒಬ್ಬರು ಕಲಿಯಿರಿ: ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ, ಎರಡರಷ್ಟು ಮಾಡಿ. ಸುಮ್ಮನೆ ಮಲಗಿದ್ದಾಗಲೂ 100ಕ್ಕಿಂತ ಮೇಲೇ ಓಡುತ್ತಿದ್ದರೆ ಅದೊಂದೇ ಸಾಕು, ಫೋನ್ ಮಾಡಿ. ನಾಡಿ ಏರುವುದು ಬಹಳ ಸಲ ಜ್ವರಕ್ಕೂ ಮುಂಚೆ.

ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಆದವರಿಗೆ ಮೊದಲ ಎರಡು ಮೂರು ದಿನ ಭುಜ ನೋಯುವುದು ಹೊಟ್ಟೆಗೆ ತುಂಬಿದ್ದ ಗ್ಯಾಸಿನಿಂದ, ತಾನಾಗಿ ಹೋಗುತ್ತದೆ. ಆಮೇಲೆ ಹೊಸದಾಗಿ ಶುರುವಾದರೆ ಆ ಲೆಕ್ಕ ಬೇರೆ.

ಇಂಥ ಹೊತ್ತಿನಲ್ಲಿ ಬಾಯಿಗೆ ಏನೂ ಕೊಡದೆ ಕರೆದುಕೊಂಡು ಹೊರಡಿ. ಸಿ.ಟಿ. ಸ್ಕ್ಯಾನ್ ಮಾಡಿ ನೋಡುತ್ತಾರೆ. ಸಣ್ಣ ಸೋರಿಕೆಯಾದರೆ ಆ್ಯಂಟಿಬಯೋಟಿಕ್, ಕೀವು ಹೊರತೆಗೆಯುವ ನಳಿಕೆ ಸಾಕಾಗಬಹುದು. ದೊಡ್ಡದಾದರೆ ಮತ್ತೆ ಆಪರೇಷನ್ ಮಾಡಿ ಬ್ಯಾಗು ಇಡಬೇಕಾಗುತ್ತದೆ. ಮೊದಲ ದಿನವೇ ಬಂದವರಿಗೂ ಮೂರು ದಿನ ಪ್ಯಾರಾಸಿಟಮಾಲ್ ನುಂಗಿ ಕಾದವರಿಗೂ ಫಲಿತಾಂಶದಲ್ಲಿ ಬಹಳ ವ್ಯತ್ಯಾಸವಿದೆ.

ರಾತ್ರಿ ಹೊತ್ತು ಇಂಥದ್ದಾದರೆ ಎಲ್ಲಿಗೆ ಹೋಗೋದು? ಆಪರೇಷನ್ ಬೆಂಗಳೂರಲ್ಲಿ ಆಗಿದ್ದು, ನಾವಿರೋದು ಮಳವಳ್ಳಿ ಕಡೆ.

ಹಳೆಯ ಆಸ್ಪತ್ರೆಯೇ ಆಗಬೇಕು ಅಂತ ಬೆಳಗಾಗುವವರೆಗೆ ಕಾಯಬೇಡಿ. 24 ಗಂಟೆ ಸರ್ಜನ್, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಕಡೆಗೆ ಮೊದಲು. ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ. ಆಂಬುಲೆನ್ಸಿಗೆ 108. ಡಿಸ್ಚಾರ್ಜ್ ಹಾಳೆ, ಬಯಾಪ್ಸಿ ವರದಿ, ಈಗಿನ ಮಾತ್ರೆಗಳ ಚೀಟಿ ಮೂರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿರಿ. ಹೊರಡುವಾಗ ಫೈಲು ಮರೆಯುವುದು ತಪ್ಪಿದ್ದಲ್ಲ.

ಗಾಯಕ್ಕೆ ಅರಿಶಿನ ಹಚ್ಚಬಹುದಾ? ಸ್ನಾನ?

ಅರಿಶಿನ, ಕೊಬ್ಬರಿ ಎಣ್ಣೆ, ಪೌಡರು ಯಾವುದೂ ಬೇಡ. ಸಾಮಾನ್ಯವಾಗಿ 48 ಗಂಟೆಯ ಮೇಲೆ ಬಿಸಿನೀರು ಹುಯ್ದುಕೊಂಡು ಸ್ನಾನ ಮಾಡಬಹುದು. ಗಾಯವನ್ನು ಉಜ್ಜದೆ ಶುಭ್ರವಾದ ಬಟ್ಟೆಯಲ್ಲಿ ಒತ್ತಿ ಒರೆಸಿ. ಹೊರಗಿನ ಹೊಲಿಗೆ ಅಥವಾ ಪಿನ್ನು ತೆಗೆಯುವುದು 10ರಿಂದ 14 ದಿನಕ್ಕೆ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಿದ್ದರೆ, ಕೀವು ಅಥವಾ ವಾಸನೆ ಬಂದರೆ ತೋರಿಸಿ. ಒಂದೆರಡು ಹೊಲಿಗೆ ಬಿಚ್ಚಿ ಕೀವು ತೆಗೆದು ಡ್ರೆಸಿಂಗ್ ಮಾಡಿದರೆ ಹೆಚ್ಚಿನವು ವಾಸಿಯಾಗುತ್ತವೆ.

ಒಂದು ಮಾತ್ರ ನೆನಪಿಡಿ. ಮೊದಲ ಎರಡು ವಾರದಲ್ಲಿ ಕೆಮ್ಮಿದಾಗಲೋ ಎದ್ದಾಗಲೋ ಗಾಯದಿಂದ ಇದ್ದಕ್ಕಿದ್ದಂತೆ ತಿಳಿಗೆಂಪು ನೀರು ಬಳಬಳನೆ ಬಂದರೆ ಒಳಗಿನ ಹೊಲಿಗೆ ಬಿಟ್ಟಿರಬಹುದು. ಮಂಡಿ ಮಡಚಿ ಮಲಗಿಸಿ. ಸ್ವಚ್ಛವಾದ ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ ಮೇಲೆ ಮುಚ್ಚಿ. ಏನಾದರೂ ಹೊರಗೆ ಕಂಡರೂ ಒಳಕ್ಕೆ ತಳ್ಳಬೇಡಿ. 108ಕ್ಕೆ ಫೋನ್ ಮಾಡಿ.

ನೋವಿನ ಮಾತ್ರೆ ಎಷ್ಟು ದಿನ ತಗೊಳ್ಳಬಹುದು?

ನೋವಿಗೆ ಹೆದರಿ ಚಿಕ್ಕ ಉಸಿರಾಡಿಕೊಂಡು, ಕೆಮ್ಮದೆ, ಮಲಗೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಹಾಗಾಗಿ ನೋವು ನುಂಗಿಕೊಂಡಿರುವುದು ದೊಡ್ಡಸ್ತಿಕೆಯಲ್ಲ. ಪ್ಯಾರಾಸಿಟಮಾಲನ್ನು ಮೊದಲ ಒಂದೆರಡು ವಾರ ಹೊತ್ತಿಗೆ ಸರಿಯಾಗಿ, ಡಾಕ್ಟರು ಬರೆದಂತೆ ತೆಗೆದುಕೊಳ್ಳಿ. ಲಿವರ್ ಚೆನ್ನಾಗಿರುವ, 50 ಕೆ.ಜಿ. ಮೇಲಿನ ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಟ್ರಮಡಾಲ್‌ನಂಥವು ಮಲ ಕಟ್ಟಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯವನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ, ಇಲಿಯಾಸ್ಟಮಿ ಇದ್ದವರಂತೂ ಬೇಡವೇ ಬೇಡ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಕಿಡ್ನಿ ಕೆಡಿಸುವುದರಲ್ಲಿ ಅವು ಮುಂದು.

ಕೆಮ್ಮುವಾಗ ಒಂದು ದಿಂಬನ್ನು ಹೊಟ್ಟೆಗೆ ಅವುಚಿ ಹಿಡಿಯಿರಿ. ಉಸಿರಾಟದ ಮೂರು ಗುಂಡಿನ ಸಾಧನ ಕೊಟ್ಟಿದ್ದರೆ ಎಚ್ಚರವಿರುವ ಪ್ರತಿ ಗಂಟೆಗೆ 10 ಸಲ. ಊದುವುದಲ್ಲ, ಒಳಕ್ಕೆ ಎಳೆಯುವುದು.

ಮನೆಗೆ ಬಂದಮೇಲೂ ಹೊಟ್ಟೆಗೆ ಇಂಜೆಕ್ಷನ್ ಯಾಕೆ?

ರಕ್ತ ಹೆಪ್ಪುಗಟ್ಟದಿರಲಿ ಅಂತ. ಕ್ಯಾನ್ಸರ್, ಹೊಟ್ಟೆಯ ಆಪರೇಷನ್, ಮಲಗೇ ಇರುವುದು ಮೂರೂ ಸೇರಿದಾಗ ಕಾಲಿನ ಒಳರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯ ಹೆಚ್ಚು, ಅದು ಮನೆಗೆ ಬಂದಮೇಲೂ ಇರುತ್ತದೆ. ಹಾಗಾಗಿ ಹಲವರಿಗೆ ಒಟ್ಟು 28 ದಿನ ಕೊಡುತ್ತಾರೆ. ಹೊಕ್ಕುಳಿಂದ ಎರಡು ಬೆರಳಾದರೂ ದೂರ, ದಿನಕ್ಕೊಂದು ಬದಿಯಂತೆ ಬದಲಿಸಿ, ಚುಚ್ಚಿದ ಜಾಗ ಉಜ್ಜಬೇಡಿ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಬೇಡಿ, ಅದೇ ದಿನ ತೋರಿಸಿ. ಹಠಾತ್ತನೆ ಉಸಿರು ಕಟ್ಟಿ ಎದೆ ನೋವು ಬಂದರೆ 108.

ಮುದ್ದೆ ಯಾವಾಗ ಉಣ್ಣಬಹುದು?

ಮಂಡ್ಯದವರ ಮೊದಲ ಪ್ರಶ್ನೆಯೇ ಇದು. ಮೊದಲ ನಾಲ್ಕರಿಂದ ಆರು ವಾರ ನಾರು ಕಡಿಮೆಯಿರುವ, ಮೆತ್ತಗಿನ ಊಟ ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ: ಮೆತ್ತಗೆ ಬೇಯಿಸಿದ ಅನ್ನ, ಇಡ್ಲಿ, ರವೆ ಗಂಜಿ, ಮೊಸರನ್ನ, ಹೆಸರುಬೇಳೆ ತೊವ್ವೆ, ಸಿಪ್ಪೆ ಬೀಜ ತೆಗೆದು ಬೇಯಿಸಿದ ಸೋರೆಕಾಯಿ, ಸೀಮೆಬದನೆ, ಬೂದುಗುಂಬಳ. ನಾಲ್ಕನೇ ವಾರದಿಂದ ತೆಳ್ಳಗಿನ ರಾಗಿ ಗಂಜಿ ಶುರು ಮಾಡಿ, ಹೊಟ್ಟೆ ಒಪ್ಪಿದರೆ ಆರನೇ ವಾರದ ಹೊತ್ತಿಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ.

ತೊಂದರೆ ಮುದ್ದೆಯದ್ದಕ್ಕಿಂತ ಅದನ್ನು ಉಣ್ಣುವ ರೀತಿಯದ್ದು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ರಾಗಿ ಕರಗುತ್ತದೆ, ಆದರೆ ಅದರ ಜೊತೆಗೆ ಬಸ್ಸಾರಿನ ಸೊಪ್ಪಿನ ದಂಟು, ಕಾಳು, ತೆಂಗಿನಕಾಯಿ ಚೂರು ಕೂಡ ಅಗಿಯದೆ ಹಾಗೇ ಒಳಕ್ಕೆ ಜಾರುತ್ತವೆ. ಇಲಿಯಾಸ್ಟಮಿಯ ಬಾಯಿ ಹೊಟ್ಟೆಯ ಗೋಡೆಯನ್ನು ಹಾದುಬರುವ ಜಾಗ ಇಕ್ಕಟ್ಟು, ಅಲ್ಲಿ ಇವು ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಮುದ್ದೆಯ ಸಾರು ಬೇಳೆಯದ್ದಾಗಿರಲಿ, ಸೋಸಿದ್ದಾಗಿರಲಿ. ಸೊಪ್ಪು ಬೇಕಾದರೆ ಎಲೆ ಮಾತ್ರ, ಅರೆದು. ಇಲಿಯಾಸ್ಟಮಿ ಇರುವವರೆಗೆ ನುಗ್ಗೆಕಾಯಿ, ಹಸಿ ತೆಂಗಿನಕಾಯಿ, ಕೊಬ್ಬರಿ, ಕಡಲೆಕಾಯಿ, ಮೆಕ್ಕೆಜೋಳ, ಅಣಬೆ, ಹಲಸಿನ ತೊಳೆ, ಕಿತ್ತಳೆಯ ಪೊರೆ ಬಿಟ್ಟುಬಿಡಿ. ಅವರೆಕಾಳಿನ ಕಾಲದಲ್ಲಿ ಮನಸ್ಸು ತಡೆಯದಿದ್ದರೆ ಹಿತುಕಿದ ಬೇಳೆ ನಾಲ್ಕು ಚಮಚ, ಚೆನ್ನಾಗಿ ನುರಿದು. ಗ್ಯಾಸು ಬರುತ್ತದೆ, ಅಪಾಯವಿಲ್ಲ.

ಗಾಯ ಮಾಗಲು ಪ್ರೋಟೀನ್ ಬೇಕು. ದಿನಕ್ಕೆ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ, ಅಂದರೆ 60 ಕೆ.ಜಿ.ಯವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6. ಬರೀ ಗಂಜಿ, ತಿಳಿಸಾರಿನಲ್ಲಿ ಇದು ಎಂದಿಗೂ ತುಂಬುವುದಿಲ್ಲ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ "ಆಪರೇಷನ್ ಆದವರಿಗೆ ನಂಜು" ಅಂತ ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರಮಾಣ ಕೇಳಿಕೊಳ್ಳಿ.

ಬೀಟ್‌ರೂಟ್ ತಿಂದರೆ ಮಲ ಕೆಂಪಾಗುತ್ತದೆ, ಕಬ್ಬಿಣದ ಮಾತ್ರೆಗೆ ಕಪ್ಪಾಗುತ್ತದೆ. ಗಾಬರಿ ಬೇಡ.

ಬ್ಯಾಗು ಬದಲಿಸೋದು ಹೇಗೆ? ಎರಡೇ ದಿನಕ್ಕೆ ಕಿತ್ತು ಬರ್ತಿದೆ.

ತಳದ ಪ್ಲೇಟು ಮೂರ್ನಾಲ್ಕು ದಿನ ಹಿಡಿಯಬೇಕು. ಹಿಡಿಯದಿದ್ದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು: ಚರ್ಮ ಒದ್ದೆ ಅಥವಾ ಎಣ್ಣೆಜಿಡ್ಡು, ತೂತಿನ ಅಳತೆ ತಪ್ಪು, ಬ್ಯಾಗು ತುಂಬಿ ಜೋತುಬೀಳುವವರೆಗೆ ಬಿಟ್ಟಿದ್ದು.

ಬೆಳಿಗ್ಗೆ ಎದ್ದು ಏನೂ ತಿನ್ನುವ ಮುಂಚೆ ಬದಲಿಸಿ, ಆಗ ಕರುಳು ಸುಮ್ಮನಿರುತ್ತದೆ. ಹೊಸ ಪ್ಲೇಟು, ಕತ್ತರಿ, ಅಳತೆ ಕಾರ್ಡು, ಹತ್ತಿ ಬಟ್ಟೆ, ಉಗುರುಬೆಚ್ಚಗಿನ ನೀರು, ಹಳೆಯದನ್ನು ಹಾಕಲು ಕವರು ಎಲ್ಲ ಕೈಗೆಟುಕುವಂತಿರಲಿ. ಬ್ಯಾಗು ಖಾಲಿ ಮಾಡಿ. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು ಪ್ಲೇಟನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಿ. ಪ್ಲೇಟನ್ನು ಎಳೆಯುವುದಲ್ಲ, ಚರ್ಮವನ್ನು ಅದರಿಂದ ಒತ್ತಿ ಬಿಡಿಸುವುದು. ಬಿಡಿಸಿದ ಪ್ಲೇಟಿನ ಹಿಂಬದಿ ನೋಡಿ. ಒಂದು ಪಕ್ಕದಲ್ಲಿ ಅಂಟು ಕರಗಿ ಮಲ ನುಗ್ಗಿದ ದಾರಿ ಕಂಡರೆ ಸೋರುವುದು ಅಲ್ಲಿಂದಲೇ. ಆ ಪಕ್ಕದ ಚರ್ಮದಲ್ಲಿ ಮಡಿಕೆಯೋ ತಗ್ಗೋ ಇರುತ್ತದೆ, ಅದನ್ನು ಸ್ಟೋಮಾ ಪೇಸ್ಟಿನಿಂದ ತುಂಬಿ ಸಮ ಮಾಡಬೇಕು. ಸ್ಟೋಮಾ ಅಂದರೆ ಹೊಟ್ಟೆಯ ಮೇಲೆ ಕಾಣುವ ಕರುಳಿನ ಬಾಯಿ.

ಬರೀ ನೀರಿನಲ್ಲಿ ತೊಳೆಯಿರಿ. ಡೆಟಾಲ್, ಸ್ಪಿರಿಟ್, ಮಕ್ಕಳ ಎಣ್ಣೆ ಬೇಡ. ಒರೆಸುವಾಗ ಸ್ಟೋಮಾದಿಂದ ಒಂದೆರಡು ಹನಿ ರಕ್ತ ಬಂದರೆ ಪರವಾಗಿಲ್ಲ. ಅದಕ್ಕೆ ನೋವಿನ ನರಗಳಿಲ್ಲ, ಮುಟ್ಟಿದರೆ ನೋಯುವುದಿಲ್ಲ. ಬಣ್ಣ ಬಾಯಿಯ ಒಳಭಾಗದಂತೆ ಒದ್ದೆಯಾದ ಕೆಂಪು ಇರಬೇಕು. ಕಡುನೇರಳೆ ಅಥವಾ ಕಪ್ಪಾದರೆ ತಡ ಮಾಡದೆ ಆಸ್ಪತ್ರೆ.

ಆಮೇಲೆ ಅಳತೆ. ತೂತು ಸ್ಟೋಮಾಗಿಂತ 2ರಿಂದ 3 ಮಿ.ಮೀ. ಮಾತ್ರ ದೊಡ್ಡದಿರಲಿ. ಆಸ್ಪತ್ರೆಯಲ್ಲಿ ಮೊದಲ ದಿನ ಕತ್ತರಿಸಿಕೊಟ್ಟ ಅಳತೆಯಲ್ಲೇ ತಿಂಗಳುಗಟ್ಟಲೆ ಕತ್ತರಿಸುವವರಿದ್ದಾರೆ. ಸ್ಟೋಮಾದ ಊತ ಇಳಿದು ಆರರಿಂದ ಎಂಟು ವಾರದಲ್ಲಿ ಚಿಕ್ಕದಾಗುತ್ತದೆ, ಅಷ್ಟರವರೆಗೆ ವಾರಕ್ಕೊಮ್ಮೆ ಅಳೆಯಿರಿ. ತೂತು ದೊಡ್ಡದಾದರೆ ಸುತ್ತಲಿನ ಚರ್ಮ ಮಲದಲ್ಲಿ ನೆನೆಯುತ್ತದೆ, ಇಲಿಯಾಸ್ಟಮಿಯ ದ್ರವದಲ್ಲಿ ಜೀರ್ಣರಸಗಳಿರುವುದರಿಂದ ಅದು ಚರ್ಮವನ್ನೇ ಸುಡುತ್ತದೆ. ಸುಟ್ಟು ಹಸಿಯಾಗಿದ್ದರೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಅದರ ಮೇಲೆ ಪ್ಲೇಟು. ಕ್ರೀಮು ಹಚ್ಚಿದರೆ ಪ್ಲೇಟು ಹಿಡಿಯುವುದಿಲ್ಲ.

ಚರ್ಮ ಪೂರ್ತಿ ಒಣಗಿದ ಮೇಲೆ ಪ್ಲೇಟನ್ನು ಅಂಗೈಯ ಶಾಖಕ್ಕೆ ಒಂದು ನಿಮಿಷ ಹಿಡಿದು ಅಂಟಿಸಿ, ಇನ್ನೊಂದೆರಡು ನಿಮಿಷ ಮೇಲೆ ಕೈಯಿಟ್ಟು ಒತ್ತಿ. ಬ್ಯಾಗು ಮೂರರಲ್ಲೊಂದು ಭಾಗ ತುಂಬಿದಾಗಲೇ ಖಾಲಿ ಮಾಡುವ ಅಭ್ಯಾಸವಿರಲಿ. ಬೇಸಿಗೆಯಲ್ಲಿ ಪ್ಲೇಟುಗಳನ್ನು ನಿಲ್ಲಿಸಿದ ಕಾರಿನೊಳಗೋ ಶೀಟಿನ ಮನೆಯ ಅಟ್ಟದ ಮೇಲೋ ಇಡಬೇಡಿ, ಅಂಟು ಇಳಿದುಹೋಗುತ್ತದೆ.

ಇಲಿಯಾಸ್ಟಮಿ ಬ್ಯಾಗಿಗೆ ನೀರು ನೀರಾಗಿ ಹೋಗ್ತಿದೆ. ಎಳನೀರು ಕೊಡ್ತಾ ಇದ್ದೀವಿ, ಆದರೂ ಸುಸ್ತು.

ಬಹುಶಃ ಎಳನೀರು ಕೊಡುತ್ತಿರುವುದರಿಂದಲೇ. ಮದ್ದೂರಿನ ಎಳನೀರು ಇಡೀ ದೇಶಕ್ಕೆ ಹೋಗುವ ಸೀಮೆಯಲ್ಲಿ ಈ ಮಾತು ಹೇಳುವುದು ಕಷ್ಟ. ಆದರೆ ಇದು ಎಷ್ಟೋ ಜನರನ್ನು ಮತ್ತೆ ಆಸ್ಪತ್ರೆಗೆ ಸೇರಿಸುವ ತಪ್ಪು, ಹಾಗಾಗಿ ಬಿಡಿಸಿ ಹೇಳುತ್ತೇವೆ.

ಉಂಡ ಊಟದ ನೀರು, ಉಪ್ಪನ್ನು ಹೀರಿಕೊಳ್ಳುವ ಕೊನೆಯ ಕೆಲಸ ದೊಡ್ಡ ಕರುಳಿನದು. ಇಲಿಯಾಸ್ಟಮಿಯಲ್ಲಿ ಮಲ ಅಲ್ಲಿಗೆ ತಲುಪುವುದೇ ಇಲ್ಲ, ನೀರಿನ ಜೊತೆ ಸೋಡಿಯಂ ಹೊರಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ. ಸಾದಾ ನೀರಿನಲ್ಲಿ ಸೋಡಿಯಂ ಇಲ್ಲವೇ ಇಲ್ಲ ಅನ್ನಬೇಕು. ಸೋಡಿಯಂ ಕಡಿಮೆಯಿರುವ ದ್ರವ ಸಣ್ಣ ಕರುಳಿಗೆ ಬಂದಾಗ ಕರುಳು ತನ್ನಲ್ಲಿರುವ ಉಪ್ಪನ್ನೇ ಅದಕ್ಕೆ ಬಿಟ್ಟುಕೊಡುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ಕುಡಿದಷ್ಟೂ ಬ್ಯಾಗು ತುಂಬುತ್ತದೆ, ಬಾಯಾರಿಕೆ ಹಾಗೇ ಇರುತ್ತದೆ. ಕಬ್ಬಿನ ಹಾಲು, ಹಣ್ಣಿನ ಜ್ಯೂಸು ಇನ್ನೂ ಕೆಟ್ಟದ್ದು. ಸಕ್ಕರೆ ನೀರನ್ನು ಕರುಳಿನೊಳಕ್ಕೆ ಎಳೆಯುತ್ತದೆ. ಕಿಡ್ನಿ ಆಗಲೇ ಸೊರಗಿದ್ದರೆ ಎಳನೀರಿನ ಪೊಟ್ಯಾಷಿಯಂ ಎದೆಬಡಿತಕ್ಕೂ ಅಪಾಯ.

ಜಗ್ಗು ಬೇಕಾಗುವುದು ಇಲ್ಲಿ. ಒಂದು ದಿನದ ಲೆಕ್ಕ ಬರೆಯಿರಿ. 500ರಿಂದ 800 ಎಂ.ಎಲ್. ಗಂಜಿಯ ಹದದಲ್ಲಿ ಬಂದರೆ ಸರಿ. 1,000 ದಾಟಿದರೆ ಎಚ್ಚರ, 1,500 ದಾಟಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಮೂತ್ರದ ಲೆಕ್ಕವೂ ಇರಲಿ: ದಿನಕ್ಕೆ ಒಂದು ಲೀಟರಿಗಿಂತ ಕಡಿಮೆಯಾಗಿ ಬಣ್ಣ ಕಡುಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಮೀನಖಂಡ ಸೆಟೆದರೆ ಮೈಯಲ್ಲಿ ಉಪ್ಪು ನೀರು ಎರಡೂ ಇಳಿದಿವೆ.

ಅಂಥ ಹೊತ್ತಿನಲ್ಲಿ ಡಬ್ಲ್ಯೂ.ಎಚ್.ಓ. ಸೂತ್ರ ಅಂತ ಬರೆದಿರುವ ಓ.ಆರ್.ಎಸ್. ಪುಡಿಯನ್ನೇ ಕೊಳ್ಳಿ. ಟೆಟ್ರಾ ಪ್ಯಾಕಿನಲ್ಲಿ ಹಣ್ಣಿನ ರುಚಿಯಲ್ಲಿ ಬರುವ ಪಾನೀಯಗಳು ಆ ಕೆಲಸಕ್ಕೆ ಬಾರವು. ಒಂದು ಲೀಟರಿನ ಪ್ಯಾಕೆಟ್ಟನ್ನು ಸರಿಯಾಗಿ ಒಂದು ಲೀಟರಿಗೇ ಕಲಸಿ. ದಿನಕ್ಕೆ ಒಂದರಿಂದ ಒಂದೂವರೆ ಲೀಟರು, ಗುಟುಕು ಗುಟುಕಾಗಿ. ಬಹಳ ಹೋಗುವವರಿಗೆ ಡಾಕ್ಟರುಗಳು ಇನ್ನೂ ಉಪ್ಪಾದ ದ್ರಾವಣ ಹೇಳುತ್ತಾರೆ: ಒಂದು ಲೀಟರಿಗೆ ಗ್ಲೂಕೋಸ್ ಪುಡಿ 20 ಗ್ರಾಂ, ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಚಮಚದ ಅಂದಾಜು ಬೇಡ, ತೂಕ ಮಾಡಿ. ಸಾದಾ ನೀರು, ಟೀ, ಕಾಫಿ, ಎಳನೀರು ಎಲ್ಲ ಸೇರಿ ಆ ದಿನಗಳಲ್ಲಿ ಅರ್ಧದಿಂದ ಒಂದು ಲೀಟರಿಗೆ ನಿಲ್ಲಲಿ. ಅನ್ನ, ಮಾಗಿದ ಬಾಳೆಹಣ್ಣು, ಮೊಸರು, ಸಬ್ಬಕ್ಕಿ ಗಂಜಿ ಬ್ಯಾಗಿನದನ್ನು ಗಟ್ಟಿ ಮಾಡುತ್ತವೆ. ಬೇಧಿ ತಡೆಯುವ ಲೋಪರಮೈಡ್ 2 ಎಂ.ಜಿ. ಮಾತ್ರೆಯನ್ನು ಡಾಕ್ಟರು ಬರೆದಿದ್ದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿ. ಊಟ ಆದಮೇಲೆ ನುಂಗಿದರೆ ಅರ್ಧ ಕೆಲಸ ಮಾತ್ರ.

ಬಿ.ಪಿ., ಸಕ್ಕರೆ ಕಾಯಿಲೆಯವರು ಬ್ಯಾಗು ಜಾಸ್ತಿ ಹೋಗುವ ದಿನ ತಮ್ಮ ಮಾತ್ರೆಗಳ ಬಗ್ಗೆ ಫೋನ್ ಮಾಡಿ ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿ.ಪಿ. ಮಾತ್ರೆ, ಮೆಟ್‌ಫಾರ್ಮಿನ್ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಬ್ಯಾಗಿನಲ್ಲಿ ಮಾತ್ರೆ ಇಡಿಯಾಗಿ ಕಂಡರೂ ಹೇಳಿ. ನಿಧಾನವಾಗಿ ಕರಗುವ ಮಾತ್ರೆಗಳು ಇಲಿಯಾಸ್ಟಮಿಯಲ್ಲಿ ಕರಗುವ ಮೊದಲೇ ಹೊರಬೀಳುತ್ತವೆ.

ಬ್ಯಾಗಿಗೆ ಏನೂ ಬರ್ತಿಲ್ಲ, ಹೊಟ್ಟೆ ಹಿಂಡ್ತಿದೆ.

ಇಲಿಯಾಸ್ಟಮಿಯಾದರೆ ಹಿಂದಿನ ದಿನ ಏನು ತಿಂದಿರಿ ನೆನಪಿಸಿಕೊಳ್ಳಿ. ನಾರಿನ ಪದಾರ್ಥ ಸಿಕ್ಕಿಕೊಂಡಿರಬಹುದು. ಗಟ್ಟಿ ಊಟ ನಿಲ್ಲಿಸಿ. ಸ್ಟೋಮಾ ಊದಿದ್ದರೆ ಪ್ಲೇಟಿನ ತೂತು ದೊಡ್ಡದು ಮಾಡಿ ಹಾಕಿ. ವಾಂತಿ ಇಲ್ಲದಿದ್ದರೆ ಬಿಸಿ ಪಾನೀಯ ಸ್ವಲ್ಪ ಸ್ವಲ್ಪ ಕುಡಿದು, ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ಎಳೆದುಕೊಂಡು ಸ್ಟೋಮಾದ ಸುತ್ತ ಮೆಲ್ಲಗೆ ನೀವಿ. ನಾಲ್ಕರಿಂದ ಆರು ಗಂಟೆಯೊಳಗೆ ದಾರಿಯಾಗದಿದ್ದರೆ, ಅಥವಾ ವಾಂತಿ ಶುರುವಾದರೆ ಆಗಲೇ, ಆಸ್ಪತ್ರೆಗೆ. ಬೇಧಿ ಮಾಡಿಸುವ ಮಾತ್ರೆ ಕೊಡಬೇಡಿ. ಮುಚ್ಚಿದ ದಾರಿಯ ಮೇಲೆ ಒತ್ತಡ ಹೆಚ್ಚಾಗುತ್ತದೆ ಅಷ್ಟೆ. ಬ್ಯಾಗಿಲ್ಲದವರಿಗೂ ವರ್ಷಗಳ ನಂತರ ಕರುಳುಗಳು ಒಂದಕ್ಕೊಂದು ಅಂಟಿಕೊಂಡು ಹೀಗೇ ಆಗಬಹುದು: ಅಲೆಯಲೆಯಾಗಿ ನೋವು, ವಾಂತಿ, ಉಬ್ಬರ, ಗ್ಯಾಸು ಬಂದ್. "ಗ್ಯಾಸ್ಟ್ರಿಕ್" ಅಂತ ಸೋಡಾ ಕುಡಿಸಿ ಕೂರಬೇಡಿ.

ತಾತ್ಕಾಲಿಕ ಬ್ಯಾಗು ಯಾವಾಗ ತೆಗೀತಾರೆ?

ಸಾಮಾನ್ಯವಾಗಿ 8ರಿಂದ 12 ವಾರ. ಕೀಮೋ ಇದ್ದರೆ ಅನೇಕ ಸಲ ಅದು ಮುಗಿದ ಮೇಲೆ. ಅದಕ್ಕೆ ಮುಂಚೆ ಕೆಳಗಿನ ಜೋಡಣೆ ಒಣಗಿದೆಯೇ ಅಂತ ಬೆರಳಿನಿಂದ, ಬಣ್ಣದ ಔಷಧಿ ಹಾಕಿದ ಎಕ್ಸ್‌ರೇಯಿಂದ ನೋಡುತ್ತಾರೆ.

ಬ್ಯಾಗು ತೆಗೆದರು, ಈಗ ದಿನಕ್ಕೆ ಹತ್ತು ಹನ್ನೆರಡು ಸಲ ಹೋಗಬೇಕು. ಆಪರೇಷನ್ ಕೆಟ್ಟಿತಾ?

ಕೆಟ್ಟಿಲ್ಲ. ಮಲಾಶಯ ಮಲವನ್ನು ಹಿಡಿದಿಟ್ಟುಕೊಳ್ಳುವ ಚೀಲವಾಗಿತ್ತು. ಅದನ್ನು ತೆಗೆದಮೇಲೆ ಹಿಡಿದಿಡುವ ಜಾಗವೇ ಇಲ್ಲ. ಒಮ್ಮೆ ಹೋಗಿಬಂದು ಕೈ ತೊಳೆಯುವಷ್ಟರಲ್ಲಿ ಮತ್ತೆ, ಅರ್ಧ ಗಂಟೆಯಲ್ಲಿ ಮೂರು ಸಲ, ಆಮೇಲೆ ಇಡೀ ದಿನ ಇಲ್ಲ; ತಡೆಯಲಾಗದ ಅವಸರ; ಗ್ಯಾಸೋ ಮಲವೋ ಗೊತ್ತಾಗದಿರುವುದು. ಇದಕ್ಕೆ ಲಾರ್ಸ್ ಅಂತ ಹೆಸರು. ವಿಕಿರಣ ಚಿಕಿತ್ಸೆ ಆದವರಿಗೆ ಹೆಚ್ಚು. ಒಂದರಿಂದ ಎರಡು ವರ್ಷದವರೆಗೆ ನಿಧಾನಕ್ಕೆ ಸುಧಾರಿಸುತ್ತದೆ, ಪೂರ್ತಿ ಮೊದಲಿನಂತೆ ಆಗದಿರಬಹುದು. ಡಿಸ್ಚಾರ್ಜಿನ ಹೊತ್ತಿಗೆ ಇದನ್ನು ಸರಿಯಾಗಿ ಹೇಳಿ ಕಳಿಸದಿರುವುದೇ ದೊಡ್ಡ ಕೊರತೆ. ಬ್ಯಾಗು ಹೋಯಿತಲ್ಲ ಅಂತ ಖುಷಿಯಲ್ಲಿ ಬಂದವರು ಒಂದೇ ವಾರಕ್ಕೆ ಕುಗ್ಗಿಹೋಗುತ್ತಾರೆ.

ಉಪವಾಸ ಮದ್ದಲ್ಲ. ಹೊತ್ತಿಗೆ ಸರಿಯಾಗಿ ಸಣ್ಣ ಊಟಗಳು, ರಾತ್ರಿಯೂಟ ಬೇಗ. ಇಸಬ್ಗೋಲ್ ಒಂದು ಚಮಚವನ್ನು ಅರ್ಧ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಊಟದ ನಂತರ ಕುಡಿಯಿರಿ, ಮಲ ಗಟ್ಟಿಯಾಗಿ ಒಟ್ಟುಗೂಡುತ್ತದೆ. ಮಲಬದ್ಧತೆಗೆ ಕುಡಿಯುವಂತೆ ಅದರ ಮೇಲೆ ಎರಡು ಲೋಟ ನೀರು ಸುರಿದರೆ ಉಲ್ಟಾ ಹೊಡೆಯುತ್ತದೆ. ಹೊರಗೆ ಹೋಗುವ ದಿನ ಲೋಪರಮೈಡ್ ಒಂದು ಮಾತ್ರೆ, ಡಾಕ್ಟರು ಒಪ್ಪಿದ್ದರೆ. ಬೆಳಗಿನ ಫಿಲ್ಟರ್ ಕಾಫಿ ಕರುಳನ್ನು ಎಬ್ಬಿಸುತ್ತದೆ, ಬಸ್ಸು ಹತ್ತುವ ಮುಂಚೆ ಬೇಡ. ಸರ್ಜನ್ ಒಪ್ಪಿದಮೇಲೆ ಗುದದ ಸ್ನಾಯುವಿನ ವ್ಯಾಯಾಮ: ಗ್ಯಾಸು ತಡೆಯುವಂತೆ ಬಿಗಿಹಿಡಿದು 5 ಸೆಕೆಂಡು, ಸಡಿಲ ಬಿಟ್ಟು 5 ಸೆಕೆಂಡು, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು, ನಿಧಾನಕ್ಕೆ 10 ಸೆಕೆಂಡಿಗೆ ಏರಿಸಿ. ತೊಡೆ, ಪೃಷ್ಠ ಬಿಗಿಯುತ್ತಿದ್ದರೆ ತಪ್ಪು ಸ್ನಾಯು. ಪರಿಣಾಮ ಕಾಣಲು ತಿಂಗಳುಗಳು ಬೇಕು.

ಚರ್ಮ ಉರಿಯುತ್ತಿದ್ದರೆ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮು ತೆಳ್ಳಗೆ. ಇಷ್ಟಕ್ಕೂ ಬಗ್ಗದಿದ್ದರೆ ಗುದದ್ವಾರದಿಂದ ನೀರು ಹಾಯಿಸಿ ತೊಳೆಯುವ ವಿಧಾನವಿದೆ, ಆದರೆ ಆಸ್ಪತ್ರೆಯಲ್ಲಿ ಕಲಿತೇ ಮಾಡಬೇಕು.

ಹಿಂಭಾಗ ಹೊಲಿದಿದ್ದಾರೆ, ಕೂರೋಕಾಗಲ್ಲ.

ಎ.ಪಿ.ಆರ್. ಗಾಯ ಒಣಗಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು, ವಿಕಿರಣ ಆಗಿದ್ದರಂತೂ ಇನ್ನೂ ನಿಧಾನ. ಮೆತ್ತನೆಯ ದಿಂಬಿನ ಮೇಲೆ ಕೂರಿ. ನಡುವೆ ತೂತಿರುವ ರಬ್ಬರ್ ಉಂಗುರ ಬೇಡ, ಅದು ಗಾಯದ ಅಂಚುಗಳನ್ನು ಎರಡೂ ಕಡೆಗೆ ಎಳೆಯುತ್ತದೆ. ಒಂದೇ ಸಮನೆ 20 ನಿಮಿಷಕ್ಕಿಂತ ಹೆಚ್ಚು ಕೂರದೆ ಎದ್ದು ಓಡಾಡಿ ಅಥವಾ ಮಗ್ಗುಲಾಗಿ ಮಲಗಿ. ಮಲವಿಸರ್ಜನೆಗೆ ಅವಸರವಾದಂತೆ ಆಗುವುದು ಭ್ರಮೆಯಲ್ಲ, ನರಗಳ ಹಳೆಯ ನೆನಪು.

ಗಂಡ ಹೆಂಡತಿ ಸಂಬಂಧದ ಬಗ್ಗೆ ಕೇಳೋಕೆ ಸಂಕೋಚ.

ಮಲಾಶಯದ ಪಕ್ಕದಲ್ಲೇ ಮೂತ್ರಕೋಶಕ್ಕೂ ಜನನಾಂಗಕ್ಕೂ ಹೋಗುವ ನರಗಳಿವೆ. ಅವಕ್ಕೆ ಪೆಟ್ಟಾದರೆ ಗಂಡಸರಿಗೆ ನಿಮಿರುವಿಕೆ ಕಡಿಮೆಯಾಗಬಹುದು, ಹೆಂಗಸರಿಗೆ ಒಣಗಿ ನೋವಾಗಬಹುದು, ಇಬ್ಬರಿಗೂ ಮೂತ್ರ ಪೂರ್ತಿ ಹೋಗದಿರಬಹುದು. ಕೆಲವರಲ್ಲಿ ತಿಂಗಳುಗಳಲ್ಲಿ ಸರಿಹೋಗುತ್ತದೆ, ಉಳಿದವರಿಗೆ ಮಾತ್ರೆ, ಜೆಲ್ ಇವೆ. ಸರ್ಜನ್ ಮುಂದೆ ಹೇಳಲಾಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ, ಅವರು ಅರ್ಥಮಾಡಿಕೊಳ್ಳುತ್ತಾರೆ. ನಾಚಿಕೆಯಿಂದ ವರ್ಷ ಕಳೆದವರಿಗೆ ಚಿಕಿತ್ಸೆಯೂ ಕಷ್ಟ.

ಗದ್ದೆ ಕೆಲಸ, ಬೈಕು, ಭಾರ?

ಮೊದಲ ದಿನದಿಂದಲೇ ನಡಿಗೆ: ಮನೆಯೊಳಗೆ ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ, ಆಮೇಲೆ ಬೀದಿ ತುದಿಯವರೆಗೆ. ಕುಕ್ಕರಹಳ್ಳಿ ಕೆರೆ ಏರಿಯ ಪೂರ್ತಿ ಸುತ್ತು ಎರಡು ಮೂರು ತಿಂಗಳ ನಂತರದ ಮಾತು. ಆರು ವಾರ 3 ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರು, ಮೊಮ್ಮಗು ಎಲ್ಲ ಅದಕ್ಕಿಂತ ಭಾರ. ಬೈಕು, ಸ್ಕೂಟರೂ ಆರು ವಾರದ ನಂತರ. ಹಠಾತ್ ಬ್ರೇಕ್ ಹಾಕಿದರೆ ಹೊಟ್ಟೆ ಹಿಡಿಯಬಾರದು, ಅದೇ ಪರೀಕ್ಷೆ. ಕಬ್ಬು ಕಡಿಯುವುದು, ಭತ್ತದ ಮೂಟೆ ಹೊರುವುದು ಮೂರು ತಿಂಗಳಾದಮೇಲೆ ಡಾಕ್ಟರನ್ನು ಕೇಳಿ, ಬೆಲ್ಟು ಕಟ್ಟಿಕೊಂಡು. ಬ್ಯಾಗಿರುವವರಿಗೆ ಸ್ಟೋಮಾ ಪಕ್ಕದಲ್ಲೇ ಹರ್ನಿಯಾ ಆಗುವುದು ಬಹಳ ಸಾಮಾನ್ಯ, ಬ್ಯಾಗಿರುವವರೆಗೂ ಭಾರದ ಕೆಲಸ ಬೇರೆಯವರಿಗೆ ಬಿಡುವುದೇ ವಾಸಿ.

ಕೀಮೋ ಹೇಳಿದ್ದಾರೆ. ಗಡ್ಡೆ ತೆಗೆದಾಯ್ತಲ್ಲ, ಇನ್ಯಾಕೆ?

ಬಯಾಪ್ಸಿ ವರದಿ ನೋಡಿ. ತೆಗೆದ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್, ಕನಿಷ್ಠ 12 ನೋಡಿರಬೇಕು) ಕ್ಯಾನ್ಸರ್ ಸಿಕ್ಕಿದ್ದರೆ ಅದು ಮೂರನೇ ಹಂತ, ಕಣ್ಣಿಗೆ ಕಾಣದ ಕಣಗಳು ಉಳಿದಿರಬಹುದು ಅಂತ ಕೀಮೋ. ಶುರುವಾಗುವುದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದೊಳಗೆ. ಬಹಳ ತಡವಾದರೆ ಲಾಭ ಕಡಿಮೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟ ಕೆಲವು ದಿನ ಫ್ರಿಜ್ಜಿನ ನೀರು ಕುಡಿಯುವುದು, ತಣ್ಣೀರಿನಲ್ಲಿ ಪಾತ್ರೆ ತೊಳೆಯುವುದು ಬೇಡ, ಬೆರಳು ಗಂಟಲು ಜುಮ್ಮೆನ್ನುತ್ತವೆ. ಕ್ಯಾಪೆಸಿಟಬೈನ್ ಎಂಬ ಕೀಮೋ ಮಾತ್ರೆ ಊಟವಾದ ಅರ್ಧ ಗಂಟೆಯೊಳಗೆ. ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳತೊಡಗಿದರೆ, ಬೇಧಿ ಹೆಚ್ಚಾದರೆ ಮುಂದಿನ ಭೇಟಿಯವರೆಗೆ ನುಂಗುತ್ತ ಕೂರದೆ ಫೋನ್ ಮಾಡಿ. ಕೀಮೋ ನಡುವೆ 100.4 ಡಿಗ್ರಿ ಜ್ವರ ಬಂದರೆ ರಾತ್ರಿಯೋ ಹಗಲೋ ಆಸ್ಪತ್ರೆಗೆ. ಅಮೃತಬಳ್ಳಿ ಕಷಾಯ, ನಾಟಿ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ, ಕೆಲವು ಲಿವರಿಗೆ ಏಟು ಕೊಡುತ್ತವೆ.

ಎಷ್ಟು ವರ್ಷ ಚೆಕಪ್ಪು? ಮಕ್ಕಳಿಗೂ ಬರುತ್ತಾ?

ಐದು ವರ್ಷ. ಸಿ.ಇ.ಎ. ರಕ್ತಪರೀಕ್ಷೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಸಿ.ಟಿ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕೊಲೊನೋಸ್ಕೋಪಿ ಒಂದು ವರ್ಷಕ್ಕೆ, ಚೆನ್ನಾಗಿದ್ದರೆ ಮತ್ತೆ ಮೂರು ವರ್ಷಕ್ಕೆ, ಆಮೇಲೆ ಐದು ವರ್ಷಕ್ಕೊಮ್ಮೆ. ಆಪರೇಷನ್ನಿಗೆ ಮುಂಚೆ ಗಡ್ಡೆ ದಾರಿ ಮುಚ್ಚಿ ಕೊಲೊನೋಸ್ಕೋಪಿ ಪೂರ್ತಿ ಆಗಿರದಿದ್ದರೆ ಮೂರರಿಂದ ಆರು ತಿಂಗಳಲ್ಲೇ ಒಮ್ಮೆ ಮಾಡಿಸಬೇಕು, ಇದನ್ನು ನೀವೇ ನೆನಪಿಸಿ.

ಒಡಹುಟ್ಟಿದವರು, ಮಕ್ಕಳು 40 ವರ್ಷಕ್ಕೆ, ಅಥವಾ ನಿಮಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಲಿ. 50ರೊಳಗೆ ಬಂದಿದ್ದರೆ ಅಥವಾ ಮನೆತನದಲ್ಲಿ ಕರುಳು, ಗರ್ಭಕೋಶದ ಕ್ಯಾನ್ಸರ್ ಹಲವರಿಗೆ ಇದ್ದರೆ ಗಡ್ಡೆಯ ಮೇಲೆ ಎಂ.ಎಂ.ಆರ್. ಪರೀಕ್ಷೆ ಆಗಿದೆಯೇ ಕೇಳಿ, ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆ ಅದರಿಂದ ಹೊಳೆಯುತ್ತದೆ.

ಖರ್ಚು ತಡೆಯೋದು ಹೇಗೆ?

ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಮಾಡಿಸಿ. ಆಮೇಲೆ ತಂದುಕೊಡುತ್ತೇವೆ ಅಂದರೆ ನಡೆಯುವುದಿಲ್ಲ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡು ನೋಡಿಕೊಳ್ಳಿ. ಬ್ಯಾಗು, ಪ್ಲೇಟು ಪ್ಯಾಕೇಜಿನಲ್ಲಿ ಸೇರಿದೆಯೇ ಅಂತ ಡಿಸ್ಚಾರ್ಜಿಗೆ ಮುಂಚೆಯೇ ವಿಚಾರಿಸಿ. ಅಂಗಡಿಯಲ್ಲಿ ಪ್ಲೇಟಿನ ಉಂಗುರದ ಅಳತೆಯನ್ನು ಮಿ.ಮೀ.ನಲ್ಲಿ ಹೇಳಿ ಕೇಳಬೇಕು. ಒಂದು ಕಂಪನಿಯ ಬ್ಯಾಗು ಇನ್ನೊಂದರ ಪ್ಲೇಟಿಗೆ ಕೂರುವುದಿಲ್ಲ, ಹಾಗಾಗಿ ಖಾಲಿ ಡಬ್ಬಿಯನ್ನೇ ತೋರಿಸುವುದು ಒಳ್ಳೆಯದು.

ಚಿಕಿತ್ಸೆಗೆ, ಚೆಕಪ್ಪಿಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಟಿಕೆಟ್ ದರವೇ ಇಲ್ಲ, ಸೆಕೆಂಡ್ ಕ್ಲಾಸಿನಲ್ಲೂ ಎ.ಸಿ. ಚೇರ್ ಕಾರಿನಲ್ಲೂ ಶೇ. 75 ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲೇ ಆಸ್ಪತ್ರೆಯ ಡಾಕ್ಟರು ಸಹಿ, ಸೀಲು ಹಾಕಿಕೊಡಬೇಕು. ಮಂಡ್ಯದಿಂದಲೋ ಮೈಸೂರಿನಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವವರಿಗೆ ರೈಲಿನ ಇನ್ನೊಂದು ಅನುಕೂಲ, ಅದರಲ್ಲಿ ಶೌಚಾಲಯವಿದೆ. ಕೈಚೀಲದಲ್ಲಿ ತೂತು ಕತ್ತರಿಸಿಟ್ಟ ಎರಡು ಪ್ಲೇಟು, ಎರಡು ಬ್ಯಾಗು, ಒಂದು ಬಾಟಲಿ ನೀರು, ಹಳೆಯದನ್ನು ಸುತ್ತಲು ಕಪ್ಪು ಕವರು, ಒಂದು ಜೊತೆ ಬಟ್ಟೆ ಇಟ್ಟುಕೊಂಡು ಹೊರಡಿ.